ಹೊಸರಿತ್ತಿಯ ಮೂವರು ಮತ್ತು ನಮ್ಮ ಗ್ಯಾದರಿಂಗ್ ನಾಟಕ

ನಮ್ಮ ಶಾಲೆಯ ಯಾವ ಹುಡುಗನನ್ನು ಕೇಳಿದರೂ ಭಗತ್ ಸಿಂಗ್ ಗಲ್ಲಿಗೇರಿದ ತಾರೀಖನ್ನು ಪಟ್ಟನೆ ಹೇಳುತ್ತಿದ್ದ. 1931ರ ಮಾರ್ಚ್ 23. ಅದೇ ಹುಡುಗನಿಗೆ ಏಪ್ರಿಲ್ 1 ಯಾವ ದಿನ ಅಂತ ಕೇಳಿದರೆ 'ಏಪ್ರಿಲ್ ಫೂಲ್' ಅಂತ ನಗುತ್ತಿದ್ದ. ಅವನನ್ನು ಬೈದು ಏನು ಮಾಡೋದು? ಆ ಹೊತ್ತಿಗೆ ವಾರ್ಷಿಕ ಪರೀಕ್ಷೆಯ ಗಡಿಬಿಡಿ. ಆ ದಿನದ ಬಗ್ಗೆ ಭಾಷಣ ಇಲ್ಲ, ಪ್ರಭಾತಫೇರಿ ಇಲ್ಲ, ಪೆಪ್ಪರಮಿಂಟೂ ಇಲ್ಲ. 1943ರ ಏಪ್ರಿಲ್ 1ರಂದು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ ಪೊಲೀಸರ ಗುಂಡಿಗೆ ಬಲಿಯಾಗಿದ್ದು ಹೊಸರಿತ್ತಿಯಲ್ಲಿ. ನಮ್ಮದೇ ಹಾವೇರಿ ತಾಲೂಕು. ಲಾಹೋರ್ ಜೈಲು ನಮಗೆ ಗೊತ್ತಿತ್ತು, ಹೊಸರಿತ್ತಿ ಗೊತ್ತಿರಲಿಲ್ಲ.

ಇತಿಹಾಸದ ಮಾಸ್ತರಿಗೆ ಇದರ ಬಗ್ಗೆ ಭಾರಿ ಸಿಟ್ಟಿತ್ತು. ಪಠ್ಯದಲ್ಲಿ ದಂಡಿ ಸತ್ಯಾಗ್ರಹದ ಪಾಠ ಬಂದಾಗ ಪುಸ್ತಕ ಮುಚ್ಚಿಸಿದರು. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಗಾಂಧೀಜಿ ಜೊತೆ ಹೊರಟವರು 78 ಜನ. ಅದರಲ್ಲಿ ಕರ್ನಾಟಕದಿಂದ ಹೋದವನು ಒಬ್ಬನೇ ಒಬ್ಬ. ಇದೇ ಮಹಾದೇವಪ್ಪ, ಮೋಟೆಬೆನ್ನೂರಿನ ಹುಡುಗ, ಇನ್ನೂ 19 ತುಂಬಿರಲಿಲ್ಲ. "ನಿಮ್ಮಣ್ಣ ಕಾಲೇಜಿಗೆ ಹೋಗ್ತಾನಲ್ಲ, ಅಷ್ಟೇ ವಯಸ್ಸು" ಅಂದರು ಮಾಸ್ತರು, ಮುಂದಿನ ಬೆಂಚಿನ ಹುಡುಗನಿಗೆ. ಸುಮಾರು 385 ಕಿಲೋಮೀಟರ್, 24 ದಿನದ ನಡಿಗೆ. ಆಮೇಲೆ ಜೈಲು. ಹೆಂಡತಿ ಸಿದ್ದಮ್ಮನೂ ಸಾಬರಮತಿ ಆಶ್ರಮಕ್ಕೆ ಹೋದರು, ಜೈಲಿಗೂ ಹೋಗಿ ಬಂದರು.

ಇಷ್ಟು ಹೇಳಿ ನಿಲ್ಲಿಸಿದ್ದರೆ ಅದೊಂದು ಪಾಠ ಆಗುತ್ತಿತ್ತು, ಪರೀಕ್ಷೆ ಬರೆದು ಮರೆಯುತ್ತಿದ್ದೆವು. ಮಾಸ್ತರು ಅಲ್ಲಿಂದ ನೇರ 1942ಕ್ಕೆ ಹಾರಿದರು. ಆಗಸ್ಟ್ 8ಕ್ಕೆ ಮುಂಬೈಯಲ್ಲಿ 'ಮಾಡು ಇಲ್ಲವೇ ಮಡಿ' ಕರೆ. ಮಾರನೇ ದಿನ ಬೆಳಗಾಗುವಷ್ಟರಲ್ಲಿ ದೊಡ್ಡ ನಾಯಕರೆಲ್ಲ ಜೈಲಿನಲ್ಲಿ. ಇನ್ನು ಹಳ್ಳಿಯವರಿಗೆ ಹೀಗೆ ಮಾಡಿ, ಹಾಗೆ ಮಾಡಿ ಅಂತ ಹೇಳುವವರು ಯಾರು? ಆಗ ಧಾರವಾಡ ಜಿಲ್ಲೆಯಲ್ಲಿ ಮಹಾದೇವಪ್ಪನವರ ತಂಡ ತಲೆಮರೆಸಿಕೊಂಡು ಕೆಲಸಕ್ಕೆ ಇಳಿಯಿತು. ರೈಲ್ವೆ ಸ್ಟೇಷನ್, ಚಾವಡಿ, ಟಪಾಲು, ಬ್ರಿಟಿಷ್ ಆಡಳಿತದ ಕೈಕಾಲು ಯಾವುದೋ ಅದಕ್ಕೇ ಪೆಟ್ಟು.

ಹಳ್ಳಿಯವರಿಗೆ ಬ್ರಿಟಿಷ್ ಸರ್ಕಾರ ಅಂದರೆ ವೈಸ್‌ರಾಯ್ ಅಲ್ಲ, ಕಂದಾಯ. ಬೆಳೆ ಬರಲಿ, ಹೋಗಲಿ, ಅದು ಕಟ್ಟಲೇಬೇಕು. ಹೀಗೆ ಸುತ್ತಲಿನ ಊರುಗಳಿಂದ ವಸೂಲಿ ಮಾಡಿದ ಹಣವನ್ನು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಪೊಲೀಸ್ ಕಾವಲಿನಲ್ಲಿ ಇಟ್ಟಿದ್ದರು. ತಂಡ ಕೈ ಹಾಕಿದ್ದು ಅದಕ್ಕೆ. ಗುಂಡು ಹಾರಿತು. ಮಹಾದೇವಪ್ಪನವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಪ್ರಾಣ ಬಿಟ್ಟರು. ಮಹಾದೇವಪ್ಪನವರಿಗೆ 32 ತುಂಬಲು ಇನ್ನೂ ಎರಡು ತಿಂಗಳಿತ್ತು.

ಹಿಂದಿನ ಬೆಂಚಿನಿಂದ ಒಬ್ಬ ಕೇಳಿಯೇ ಬಿಟ್ಟ: "ಸರ್, ಅದು ಕಳ್ಳತನ ಅಲ್ವಾ? ಗಾಂಧೀಜಿ ಶಿಷ್ಯರು ಹಂಗೆ ಮಾಡಬಹುದಾ?"

ಮಾಸ್ತರು ಬಯ್ಯಲಿಲ್ಲ. "ಆ ದುಡ್ಡು ಯಾರದು? ಅದನ್ನ ಮೊದಲು ಹೇಳು" ಅಂದರು. ಕ್ಲಾಸು ಎರಡು ಪಾಲಾಯಿತು. ಗಾಂಧೀಜಿ ಒಪ್ಪುತ್ತಿರಲಿಲ್ಲ ಅಂತ ಕೆಲವರು, ಉಪ್ಪು ಮಾಡಿದ್ದೂ ಕಾನೂನು ಮುರಿದದ್ದೇ ತಾನೇ ಅಂತ ಕೆಲವರು. ಬೆಲ್ ಹೊಡೆದರೂ ಜಗಳ ನಿಲ್ಲಲಿಲ್ಲ. ಮಾಸ್ತರು ತೀರ್ಪು ಕೊಡಲಿಲ್ಲ, ಡಸ್ಟರ್ ತಗೊಂಡು ಹೊರಟೇಬಿಟ್ಟರು. ನನಗೆ ಇವತ್ತಿಗೂ ಅದಕ್ಕೆ ಒಂದೇ ಮಾತಿನ ಉತ್ತರ ಸಿಕ್ಕಿಲ್ಲ. ಅಹಿಂಸೆಯ ಪಾಠವನ್ನು ನಡೆದೇ ಕಲಿತ ಮನುಷ್ಯ ಹದಿಮೂರು ವರ್ಷದ ನಂತರ ರಾತ್ರಿ ಅಡಗಿ ಓಡಾಡುವ ಹಾದಿಗೆ ಬಂದ ಅಂದರೆ, ಆ ನಡುವಿನ ವರ್ಷಗಳು ಹೇಗಿರಬೇಕು? ಅದನ್ನು ಬಿಟ್ಟು ಬರೀ 'ದಂಡಿಗೆ ಹೋದವರು' ಅಂತ ಹಾರ ಹಾಕುವುದು ಸುಲಭ.

ಆ ವರ್ಷದ ಗ್ಯಾದರಿಂಗ್‌ಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಇದನ್ನೇ ನಾಟಕ ಮಾಡೋಣ ಅಂದರು ಮಾಸ್ತರು. ಮಹಾದೇವಪ್ಪನ ಪಾತ್ರಕ್ಕೆ ಅರ್ಧ ಕ್ಲಾಸು ಕೈ ಎತ್ತಿತು. ತಿರಕಪ್ಪ, ವೀರಯ್ಯ ಯಾರಿಗೂ ಬೇಡ, ಡೈಲಾಗ್ ಕಮ್ಮಿ ಅಂತ. ಪೊಲೀಸರ ಪಾತ್ರವಂತೂ ಕೇಳಲೇಬೇಡಿ. ನಾನು ಎತ್ತರ ಇದ್ದೆ, ಎನ್‌ಸಿಸಿ ಖಾಕಿ ಅಂಗಿಯೂ ಇತ್ತು. ನನ್ನನ್ನು ಪೊಲೀಸ್ ಮಾಡಿದರು.

ಮಹಾದೇವಪ್ಪನಾದ ಗೆಳೆಯ ಮನೆಯಲ್ಲಿ ಕೂತು ಸಾಯುವಾಗಿನ ಭಾಷಣ ಬರೆದುಕೊಂಡು ಬಂದಿದ್ದ. ಎರಡು ಪುಟ! ಭಾರತಮಾತೆ, ಕನ್ನಡಾಂಬೆ, ಎಲ್ಲ ಇದ್ದರು. ಮಾಸ್ತರು ಓದಿ, ಮಡಚಿ, ಜೇಬಿಗೆ ಹಾಕಿಕೊಂಡರು. "ಗುಂಡು ಬಿದ್ದವನು ಭಾಷಣ ಮಾಡೋದಿಲ್ಲಪ್ಪ. ಬೀಳ್ತಾನೆ." ಅವನಿಗೆ ಕೋಪ ಬಂದು ಒಂದು ದಿನ ರಿಹರ್ಸಲ್‌ಗೇ ಬರಲಿಲ್ಲ. ಬದಲಿಗೆ ಮಾಸ್ತರು ಒಂದು ದೃಶ್ಯ ಸೇರಿಸಿದರು: ಮೂವರೂ ಕತ್ತಲಲ್ಲಿ ಕೂತು ಬುತ್ತಿ ಬಿಚ್ಚಿ ರೊಟ್ಟಿ ಹಂಚಿಕೊಂಡು ತಿನ್ನುವುದು. ಮೂವರಿಗೂ ಸಮ ಸಮ ಮಾತು. ತಿರಕಪ್ಪನಾದ ಹುಡುಗ ರಿಹರ್ಸಲ್‌ನಲ್ಲಿ ದಿನಾ ಜಾಸ್ತಿ ರೊಟ್ಟಿ ತಿಂದು ಬೈಸಿಕೊಳ್ಳುತ್ತಿದ್ದ. ಸಿದ್ದಮ್ಮನ ಪಾತ್ರ ಮೊದಲು ಇರಲೇ ಇಲ್ಲ. ಹುಡುಗಿಯರು ಗಲಾಟೆ ಮಾಡಿದ ಮೇಲೆ ಬಂತು, ಆಮೇಲೆ ನಾಟಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಗಿದ್ದೂ ಅದೇ.

ನಾಟಕದ ದಿನ ಪಟಾಕಿ ಹೊಡೆಯಿತು, ಮೂವರೂ ಬಿದ್ದರು. ಭಾಷಣ ಬರುತ್ತೆ ಅಂತ ಜನ ಕಾಯುತ್ತಿದ್ದರು. ಬರಲಿಲ್ಲ. ಬಂದೂಕು ಹಿಡಿದ ನಾನು ಒಬ್ಬನೇ ನಿಂತಿದ್ದೆ, ಪರದೆ ಎಳೆಯುವವನು ಹಗ್ಗ ಹುಡುಕುತ್ತಿದ್ದ. ಮುಂದಿನ ಸಾಲಿನ ಒಬ್ಬ ಅಜ್ಜ ನನ್ನತ್ತ ಕೈ ಮಾಡಿ ಏನೋ ಬೈದರು. ಆ ಬೈಗುಳ ಈ ಸಂಚಿಕೆಯಲ್ಲಿ ಅಚ್ಚಾಗುವಂಥದ್ದಲ್ಲ.

ಈಗ ಮಹಾದೇವಪ್ಪನವರ ಹೆಸರು ಹಾವೇರಿ ರೈಲ್ವೆ ನಿಲ್ದಾಣಕ್ಕಿದೆ. 2018ರಲ್ಲಿ ಅಂಚೆಚೀಟಿಯೂ ಬಂತು. ಸಂತೋಷ. ಆದರೆ ತಿರಕಪ್ಪ, ವೀರಯ್ಯ ಯಾರು ಅಂತ ಅದೇ ಪ್ಲಾಟ್‌ಫಾರ್ಮ್ ಮೇಲೆ ನಿಂತವರನ್ನು ಕೇಳಿ ನೋಡಿ. ಅದಕ್ಕೇ ಈಗಿನ ಹುಡುಗರಿಗೆ ಒಂದು ಮಾತು: ಆ ನಾಟಕ ಮತ್ತೆ ಆಡುವುದಿದ್ದರೆ ರೊಟ್ಟಿಯ ದೃಶ್ಯ ಮಾತ್ರ ತೆಗೆಯಬೇಡಿ. ಪೊಲೀಸ್ ಪಾತ್ರಕ್ಕೆ ಯಾರೂ ಸಿಗದಿದ್ದರೆ ನನಗೆ ಹೇಳಿ ಕಳಿಸಿ, ಬರುತ್ತೇನೆ. ಅಂಗಿ ಮಾತ್ರ ಹೊಸದು ಹೊಲಿಸಬೇಕಾಗುತ್ತದೆ.