ಸೆವಾನಿಯ ಹುಡುಗರು

14 ನವೆಂಬರ್ 2024, ಗುರುವಾರ

ಇವತ್ತೆಲ್ಲ ಸೆವಾನಿಯದೇ ಗುಂಗು. ಅಮೆರಿಕದ ಟೆನೆಸಿ ರಾಜ್ಯದಲ್ಲಿ, ಗುಡ್ಡದ ಮೇಲಿರುವ ಪುಟ್ಟ ಕಾಲೇಜು. ಚರ್ಚಿನವರು ಕಟ್ಟಿದ್ದು, ಆ ಕಾಲಕ್ಕೆ ಬಿಳಿಯ ಹುಡುಗರಿಗೆ ಮಾತ್ರ ಪ್ರವೇಶ. ಅಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು ನುಗ್ಗುವ ಅಮೆರಿಕನ್ ಆಟ.

1899ರ ನವೆಂಬರ್ 14ರಂದು ಈ ಕಾಲೇಜು ಮಿಸಿಸಿಪಿ ವಿಶ್ವವಿದ್ಯಾಲಯವನ್ನು 12-0ಯಿಂದ ಸೋಲಿಸಿತ್ತು. ರೈಲಿನಲ್ಲಿ ಊರೂರು ಅಲೆಯುತ್ತ ಆರು ದಿನದಲ್ಲಿ ಗಳಿಸಿದ ಐದನೇ ಗೆಲುವು ಅದು. ಐದರಲ್ಲೂ ಎದುರಾಳಿಗೆ ಒಂದು ಪಾಯಿಂಟೂ ಸಿಗಲಿಲ್ಲ. ಎಲ್ಲರೂ ಕೊಂಡಾಡುವುದು ಇದನ್ನೇ. ನನ್ನನ್ನು ಕಾಡುವುದು ಮಾತ್ರ ಆಮೇಲಿನ ಕತೆ.

1932ರ ಡಿಸೆಂಬರಿನಲ್ಲಿ ದಕ್ಷಿಣದ 13 ಕಾಲೇಜುಗಳು ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಎಂಬ ಲೀಗ್ ಕಟ್ಟಿಕೊಂಡವು. ಅಲಬಾಮಾ, ಟೆನೆಸಿ ವಿಶ್ವವಿದ್ಯಾಲಯಗಳಂಥ ದೈತ್ಯರ ಜೊತೆ ಸೆವಾನಿಯೂ ಸೇರಿತು. 1933ರಿಂದ 1940ರವರೆಗೆ ಎಂಟು ಸೀಸನ್, 37 ಲೀಗ್ ಪಂದ್ಯ. ಗೆಲುವು ಹಾಗಿರಲಿ, ಒಂದು ಡ್ರಾ ಕೂಡ ಇಲ್ಲ. ಬಿಟ್ಟುಕೊಟ್ಟ ಪಾಯಿಂಟ್ 1163, ಗಳಿಸಿದ್ದು 84.

ಆಗಿನ ನಿಯಮ ನೋಡಿದರೆ ಹೊಟ್ಟೆ ಚುರುಕ್ ಎನ್ನುತ್ತದೆ. ಹೊರಗೆ ಹೋದ ಆಟಗಾರ ಅದೇ ಕ್ವಾರ್ಟರ್‌ನಲ್ಲಿ, ಅಂದರೆ ಪಂದ್ಯದ ಆ ಕಾಲು ಭಾಗದಲ್ಲಿ, ಮತ್ತೆ ಒಳಗೆ ಬರುವಂತಿಲ್ಲ. ಹಾಗಾಗಿ ದಾಳಿಗೂ ಅವರೇ ಹನ್ನೊಂದು ಜನ, ರಕ್ಷಣೆಗೂ ಅವರೇ. ತಲೆಗೆ ಚರ್ಮದ ಟೊಪ್ಪಿಗೆ. ದೊಡ್ಡ ವಿಶ್ವವಿದ್ಯಾಲಯಗಳ ಬೆಂಚಿನಲ್ಲಿ ಎರಡನೇ ಹನ್ನೊಂದು, ಮೂರನೇ ಹನ್ನೊಂದು ದಣಿವಿಲ್ಲದೆ ಕಾದಿರುತ್ತಿತ್ತು. ಸಾಲದ್ದಕ್ಕೆ ಮೂವತ್ತರ ದಶಕದ ನಡುವಿನಲ್ಲಿ ಆಟಗಾರರಿಗೆ ಬಹಿರಂಗವಾಗಿಯೇ ವಿದ್ಯಾರ್ಥಿವೇತನ ಕೊಡಲು ಕಾನ್ಫರೆನ್ಸ್ ಒಪ್ಪಿತು. ಹಣವಿದ್ದವರಿಗೆ ಆಳೂ ಸಿಕ್ಕರು. ಸೆವಾನಿಯನ್ನು ಸೋಲಿಸಿದ್ದು ಆ ಬೆಂಚು ಎಂದೇ ನನ್ನ ನಂಬಿಕೆ. ಸೋಲು ಖಾತ್ರಿ ಎಂದು ಗೊತ್ತಿದ್ದೂ ಮರುವರ್ಷ ಅದೇ ಅಂಗಳಕ್ಕೆ ಇಳಿದ ಆ ಹುಡುಗರ ಮೇಲೆ ನನಗೆ ಅಪಾರ ಗೌರವ.

1938ರಲ್ಲಿ ಅಲೆಕ್ಸಾಂಡರ್ ಗೆರಿ ಕಾಲೇಜಿನ ಮುಖ್ಯಸ್ಥರಾಗಿ ಬಂದರು. ಆಟಕ್ಕೆಂದು ಹುಡುಗರಿಗೆ ಹಣ ಕೊಡುವುದು ಅವರಿಗೆ ಒಪ್ಪಿಗೆಯಿರಲಿಲ್ಲ. 1940ರ ಡಿಸೆಂಬರಿನಲ್ಲಿ ಸೆವಾನಿ ಕಾನ್ಫರೆನ್ಸ್ ಬಿಟ್ಟಿತು. ಅದನ್ನು ಪಲಾಯನ ಎನ್ನಲು ನನಗೆ ಮನಸ್ಸಿಲ್ಲ. ಫುಟ್‌ಬಾಲನ್ನೇನೂ ಅವರು ಕೈಬಿಡಲಿಲ್ಲವಲ್ಲ! ಯುದ್ಧ ಮುಗಿದ ಮೇಲೆ ತಮ್ಮಷ್ಟೇ ಸಣ್ಣ ಕಾಲೇಜುಗಳ ಜೊತೆ ಆಡಿದರು. 1958ರಲ್ಲಿ ಎಂಟಕ್ಕೆ ಎಂಟೂ ಗೆದ್ದರು. 1963ರಲ್ಲಿ ಮತ್ತೊಮ್ಮೆ.