ಬಾಬು ಮತ್ತು ಇನ್ನೊಬ್ಬ ಬಾಬು

ಪ್ರತಿ ಮೇ ತಿಂಗಳಲ್ಲಿ ನಮ್ಮೂರಿನ ಸಮುದಾಯ ಭವನದಲ್ಲಿ ಮಳೆಗಾಲದ ಸಿದ್ಧತೆಯ ಸಭೆ ನಡೆಯುತ್ತದೆ. ಜೆಸಿಬಿ ಯಾರದ್ದು, ಮರ ಕೊಯ್ಯುವ ಯಂತ್ರ ಯಾರ ಮನೆಯಲ್ಲಿದೆ, ಕಾಳಜಿ ಕೇಂದ್ರ ಶಾಲೆಯಲ್ಲೋ ಭವನದಲ್ಲೋ ಎಂಬುದೆಲ್ಲ ಕಾಫಿ ಲೋಟ ಖಾಲಿಯಾಗುವುದರೊಳಗೆ ತೀರ್ಮಾನವಾಗುತ್ತದೆ. ಈ ಸಲ ನಾನು ಎದ್ದು, "ಸತ್ತವರನ್ನು ಎಲ್ಲಿ ಇಡುತ್ತೀರಿ?" ಎಂದು ಕೇಳಿದೆ.

"ಬಿಡ್ತು ಅನ್ನಮ್ಮ" ಎಂದರು ಹಿರಿಯರೊಬ್ಬರು.

ಅಂದೆ. ಅಂದು, ಮತ್ತೆ ಅದನ್ನೇ ಕೇಳಿದೆ. ನರ್ಸ್ ಕೆಲಸದಿಂದ ನಿವೃತ್ತಳಾದರೂ ಹಟ ನಿವೃತ್ತಿಯಾಗುವುದಿಲ್ಲ.

ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿಯುವುದು ಹೊಸತಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು. ಮರುವರ್ಷ ತೋರ. 2020ರಲ್ಲಿ ತಲಕಾವೇರಿಯ ಗಜಗಿರಿ. ರಸ್ತೆಗೆ ಬರೆ, ಅಂದರೆ ಪಕ್ಕದ ಕಡಿದಾದ ಮಣ್ಣುದಿಬ್ಬ, ಕುಸಿದರೆ 108 ಆಂಬುಲೆನ್ಸ್ ಬರಲಾರದು. ಮೊಬೈಲ್ ಟವರ್ ಸತ್ತರೆ ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಕರೆಯೂ ಹೋಗದು. ಮೊದಲ ಕೆಲವು ಗಂಟೆ ಊರಿನವರಿಗೆ ಊರಿನವರೇ ಗತಿ.

ಹುಡುಗರಿಗೆ ಹೇಳಿಕೊಟ್ಟೆ: ಅರಚುವವನಿಗೆ ಉಸಿರಿದೆ, ಮೊದಲು ಸುಮ್ಮನೆ ಬಿದ್ದವನನ್ನು ನೋಡಿ. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಟ್ಟು ಒತ್ತಿ ಹಿಡಿಯಿರಿ. ಗೋಡೆಯಡಿ ಗಂಟೆಗಟ್ಟಲೆ ಕಾಲು ಸಿಕ್ಕಿಕೊಂಡವರು ಹೊರಬಂದ ಮೇಲೆ ಮಾತಾಡುತ್ತಿದ್ದರೂ ಗಂಡಾಂತರ ಕಳೆದಿರುವುದಿಲ್ಲ. ಜಜ್ಜಿದ ಸ್ನಾಯುವಿನ ಪೊಟ್ಯಾಸಿಯಂ ರಕ್ತಕ್ಕೆ ಸೇರಿ ಹೃದಯ ನಿಲ್ಲಬಹುದು, ಮೂತ್ರಪಿಂಡ ಕೆಡಬಹುದು. ಎಷ್ಟು ಹೊತ್ತು ಸಿಕ್ಕಿಕೊಂಡಿದ್ದರೆಂದು ಚೀಟಿ ಬರೆದು ಅಂಗಿಗೆ ಸಿಕ್ಕಿಸಿಯೇ ಆಸ್ಪತ್ರೆಗೆ ಕಳಿಸಬೇಕು.

ಇನ್ನು ಹೆಣದ ಮಾತು. ರೋಗ ಹರಡುತ್ತದೆಂದು ಬೇಗ ಮಣ್ಣು ಮಾಡುವ ಆತುರ ನಮ್ಮಲ್ಲಿದೆ. ಗಾಯದಿಂದ ಸತ್ತವರ ದೇಹದಿಂದ ಸಾಂಕ್ರಾಮಿಕ ಏಳುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಸಿಕ್ಕಿದ ಜಾಗ ಮತ್ತು ಹೊತ್ತು ಬರೆದಿಟ್ಟು, ಮುಖದ್ದೂ ಬಟ್ಟೆಯದ್ದೂ ಫೋಟೊ ತೆಗೆದು, ಬಳೆ, ಉಂಗುರ, ಜೇಬಿನ ಕಾಗದ ಯಾವುದನ್ನೂ ಬೇರೆ ಮಾಡದೆ ಪೊಲೀಸರಿಗೆ ಒಪ್ಪಿಸಬೇಕು. ಶಾಲೆಯಲ್ಲಿ ಮಕ್ಕಳಿರುತ್ತಾರೆ, ಅಲ್ಲಿ ಬೇಡ. ಬೆಳೆಗಾರರೊಬ್ಬರು ಮಳೆಗಾಲದಲ್ಲಿ ಖಾಲಿಯಿರುವ ತಮ್ಮ ಕಾಫಿ ಗೋದಾಮು ಕೊಡಲು ಒಪ್ಪಿದರು. ಬಿಡ್ತು ಅನ್ನಿಸಿದ ಹಿರಿಯರೇ ಅವರು!

ಗಲಾಟೆ ಎದ್ದದ್ದು ಲೈನ್‌ಮನೆಗಳ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ, ವಿಷಯಕ್ಕೆ. ನಮ್ಮ ಮನೆಗಳಲ್ಲಿ ಯಾರಿದ್ದಾರೆಂದು ಪಡಿತರ ಚೀಟಿ ಹೇಳುತ್ತದೆ. ಅಸ್ಸಾಮಿನಿಂದ ಬಂದು ಬರೆಯ ಕೆಳಗಿನ ಲೈನ್‌ಮನೆಯಲ್ಲಿ ಮಲಗುವವರನ್ನು ಯಾರು ಲೆಕ್ಕ ಇಟ್ಟಿದ್ದಾರೆ? ಪಟ್ಟಿ ಕೊಟ್ಟರೆ ನಾಳೆ ಕಾರ್ಮಿಕ ಇಲಾಖೆಯವರು ಬರುತ್ತಾರೆಂದು ಕೆಲವರಿಗೆ ಹೆದರಿಕೆ. ಒಬ್ಬರಂತೂ ಬಹಳ ಉದಾರವಾಗಿ, "ನನ್ನಲ್ಲಿ ಬಾಬು, ಇನ್ನೊಬ್ಬ ಬಾಬು, ಅವರ ಹೆಂಡಂದಿರು" ಎಂದು ಬರೆಸಿದರು. ಮಣ್ಣಿನಡಿ ಯಾವ ಬಾಬು ಇದ್ದಾನೆಂದು ಅವನ ತಾಯಿಗೆ ಹೇಗೆ ತಿಳಿಸುವುದು? ಗುರುತಿಲ್ಲದೆ ಮರಣ ಪ್ರಮಾಣಪತ್ರವಿಲ್ಲ, ಅದಿಲ್ಲದೆ ಪರಿಹಾರದ ಹಣ ಆ ಮನೆಯ ಬಾಗಿಲಿಗೆ ಹೋಗುವುದಿಲ್ಲ. ಪೂರ್ತಿ ಹೆಸರು, ಊರು, ಊರಿನಲ್ಲಿರುವ ಒಬ್ಬರ ಫೋನ್ ನಂಬರ್. ನಾನು ಕೇಳುವುದು ಇಷ್ಟೇ.

ಹೀಗೆ ಹೆಸರು ಬರೆದಿಟ್ಟ ಪುಸ್ತಕದ ಒಂದು ಪ್ರತಿ ಆಶಾ ಕಾರ್ಯಕರ್ತೆಯ ಬಳಿ, ಇನ್ನೊಂದು ನ್ಯಾಯಬೆಲೆ ಅಂಗಡಿಯಲ್ಲಿದೆ. ಕೆಲವು ತೋಟಗಳ ಪುಟ ಇನ್ನೂ ಖಾಲಿ. ಮಾಲೀಕರು ಬೆಂಗಳೂರಿನಲ್ಲಿದ್ದಾರೆ, ಕೇಳಿ ಹೇಳುತ್ತೇನೆ ಎನ್ನುತ್ತಾನೆ ತೋಟದ ಲೆಕ್ಕ ನೋಡುವ ರೈಟರ್. ಅವನು ಕೇಳುತ್ತಿರಲಿ. ಸಂತೆಯ ದಿನ ಕೆಲಸಕ್ಕೆ ರಜೆ. ಕಾರ್ಮಿಕರು ಸಂತೆಗೆ ಹೊರಡುವ ಮುಂಚೆ ನಾನೇ ಲೈನ್‌ಮನೆಗೆ ಹೋಗಿ ಬರೆದುಕೊಂಡು ಬರುತ್ತೇನೆ.