ಹೀರೋಯಿನ್ನೂ ಅಲ್ಲ, ಡೈರೆಕ್ಟರೂ ಅಲ್ಲ, ಮತ್ತೇನು?

ದಾವಣಗೆರೆಗೆ ಹೋದಾಗಲೆಲ್ಲ ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಪಂಕ್ತಿಯಲ್ಲಿ ಎಲೆಗೆ ಉಪ್ಪು ಬೀಳುವ ಮೊದಲೇ ನಮ್ಮ ಸೋದರತ್ತೆ ಶುರು ಮಾಡುತ್ತಾರೆ. "ಹೀರೋಯಿನ್ ಅಲ್ಲ ಅಂತೀ, ಡೈರೆಕ್ಟ್ರೂ ಅಲ್ಲ ಅಂತೀ. ಮತ್ತೆ ಸಿನಿಮಾದಾಗ ಏನ್ ಮಾಡ್ತೀಯವ್ವಾ ನೀನು?"

ನಾನು ಅಸಿಸ್ಟೆಂಟ್ ಡೈರೆಕ್ಟರ್. ಕಂಟಿನ್ಯೂಟಿ ನೋಡಿಕೊಳ್ಳುವವಳು. ಹೀಗಂದರೆ ಅತ್ತೆ "ಹೂಂ" ಅಂದು ಸಾರು ಹಾಕಿಸಿಕೊಳ್ಳುತ್ತಾರೆ. ಅದಕ್ಕೇ ಈಗ ದೋಸೆ ಕಥೆ ಹೇಳುತ್ತೇನೆ.

ನಮ್ಮೂರಿನ ಒಂದು ಬೆಣ್ಣೆ ದೋಸೆ ಹೋಟೆಲಿನಲ್ಲಿ ಶೂಟಿಂಗ್ ಇತ್ತು. ಹೀರೋ ಬಂದು ಕೂರುತ್ತಾನೆ, ದೋಸೆ ತಿನ್ನುತ್ತಾನೆ, ಫೋನ್ ಬರುತ್ತದೆ, ಎದ್ದು ಹೋಗುತ್ತಾನೆ. ಪರದೆ ಮೇಲೆ ಒಂದು ನಿಮಿಷವೂ ಇಲ್ಲ. ನಮಗೆ ಒಂದೂವರೆ ದಿನ ಹಿಡಿಯಿತು.

ಯಾಕೆ ಅಂದರೆ ಅವನು ಒಂದೇ ಸಲ ತಿನ್ನುವುದಿಲ್ಲ. ದೂರದಿಂದ ಒಂದು ಶಾಟ್, ಮುಖಕ್ಕೆ ಹತ್ತಿರ ಒಂದು, ಎದುರಿಗೆ ಕೂತವನ ಹೆಗಲ ಮೇಲಿಂದ ಒಂದು. ಪ್ರತಿ ಸಲವೂ ಮೊದಲಿನಿಂದ ತಿನ್ನಬೇಕು. ದೂರದ ಶಾಟ್‌ನಲ್ಲಿ ಎಡಗಡೆ ಅಂಚು ಮುರಿದಿದ್ದರೆ ಹತ್ತಿರದ್ದರಲ್ಲೂ ಎಡಗಡೆಯೇ ಮುರಿಯಬೇಕು. ಬೇರೆ ತಿಂಡಿಯಾದರೆ ಹೇಗೋ ನಡೆಯುತ್ತದೆ, ಬೆಣ್ಣೆ ಕಾಯುವುದಿಲ್ಲ. ಒಂದು ಶಾಟ್‌ನಲ್ಲಿ ಉಂಡೆಯಾಗಿದ್ದ ಬೆಣ್ಣೆ ಮುಂದಿನದರಲ್ಲಿ ಕರಗಿ, ಅದರ ಮುಂದಿನದರಲ್ಲಿ ಮತ್ತೆ ಉಂಡೆಯಾದರೆ ನೋಡುವವರಿಗೆ ಏನೋ ಎಡವಟ್ಟು ಅನಿಸುತ್ತದೆ. ಹಾಗಾಗಿ ಟೇಕ್‌ಗೊಂದು ದೋಸೆ. ಸೌದೆ ಒಲೆ ಮುಂದೆ ನಿಂತಿದ್ದ ದೋಸೆ ಭಟ್ಟರು ಕೊನೆಗೆ ನನ್ನನ್ನೇ ಕೇಳಿದರು: "ಅವರು ತಿಂತಾರೋ, ಸುಮ್ನೆ ಮುರೀತಾರೋ?"

ಶಾಟ್‌ನಿಂದ ಶಾಟ್‌ಗೆ ಈ ಹೊಂದಿಕೆ ತಪ್ಪದಂತೆ ನೋಡಿಕೊಳ್ಳುವುದೇ ಕಂಟಿನ್ಯೂಟಿ. ನನ್ನ ಕೆಲಸ ಇಷ್ಟೇ. ಪ್ರತಿ ಟೇಕ್ ಆದಮೇಲೆ ಫೋಟೊ ತೆಗೆಯುವುದು, ಶೀಟಿನಲ್ಲಿ ಬರೆಯುವುದು. ಯಾವ ಕೈ, ಲೋಟದಲ್ಲಿ ನೀರು ಎಷ್ಟು, ಅಂಗಿಯ ಎಷ್ಟನೇ ಗುಂಡಿ ಬಿಚ್ಚಿತ್ತು. ಉಳಿದದ್ದಕ್ಕೆ ಬೇರೆ ಜನ ಇದ್ದಾರೆ. ಸಿನಿಮಾದವರಲ್ಲಿ ಇಪ್ಪತ್ನಾಲ್ಕು ಕ್ರಾಫ್ಟ್, ಅಂದರೆ ಇಪ್ಪತ್ನಾಲ್ಕು ಬಗೆಯ ಕೆಲಸ, ಅಂತ ಒಂದು ಮಾತಿದೆ. ಎಣಿಸಲು ಹೋದರೆ ಅದಕ್ಕಿಂತ ಜಾಸ್ತಿಯೇ ಸಿಗಬಹುದು.

ಅದರಲ್ಲಿ ನನಗೆ ಅತಿ ಸೋಜಿಗದವರು ಫೋಕಸ್ ಪುಲ್ಲರ್. ಕ್ಯಾಮೆರಾಮನ್ ಪಕ್ಕದಲ್ಲಿ ನಿಂತು ಲೆನ್ಸಿನ ರಿಂಗ್ ತಿರುಗಿಸುವವರು. ಟೈಲರ್ ಥರ ಟೇಪ್ ಹಿಡಿದು ಕ್ಯಾಮೆರಾದಿಂದ ನಟನ ಕಣ್ಣಿಗೆ ಎಷ್ಟು ದೂರ ಅಂತ ಮೊದಲೇ ಅಳೆದಿಡುತ್ತಾರೆ. ಹೀರೋ ಚಟ್ನಿಗೆ ಬಗ್ಗಿದರೆ ನಾಲ್ಕೈದು ಇಂಚು ಹತ್ತಿರ ಬಂದ. ಅದೇ ಕ್ಷಣ ರಿಂಗ್ ಅಷ್ಟೇ ತಿರುಗಬೇಕು. ತಪ್ಪಿದರೆ ಮುಖ ಮಂಜು, ಕಿವಿ ಸ್ಪಷ್ಟ. ಸರಿಯಾದರೆ ಇವರು ಇದ್ದರು ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ.

ಲೈಟ್‌ಮನ್‌ಗಳ ಕಥೆಯೂ ಹೀಗೇ. ಸಂಜೆ ನಾಲ್ಕಕ್ಕೆ ತೆಗೆದ ಶಾಟ್ ಬೆಳಿಗ್ಗೆ ಒಂಬತ್ತರದ್ದು ಅನಿಸಬೇಕಿತ್ತು. ಕಿಟಕಿಯ ಹೊರಗೆ, ಚರಂಡಿ ಮೇಲೆ ಹಲಗೆ ಹಾಕಿ, ದೊಡ್ಡ ಲೈಟ್ ನಿಲ್ಲಿಸಿ "ಬಿಸಿಲು" ಬಿಟ್ಟರು. ಸೆಟ್ಟಿಗೆ ಎಲ್ಲರಿಗಿಂತ ಮೊದಲು ಬರುವವರು, ಪ್ಯಾಕಪ್ ಆದಮೇಲೂ ವೈರ್ ಸುತ್ತುತ್ತಾ ಉಳಿಯುವವರು ಇವರೇ. ಇವರ ಹೆಸರು ಪರದೆ ಮೇಲೆ ಬರುವ ಹೊತ್ತಿಗೆ ಜನ ಪಾರ್ಕಿಂಗ್‌ನಲ್ಲಿ ಬೈಕ್ ಹುಡುಕುತ್ತಿರುತ್ತಾರೆ.

ಇನ್ನು ನನ್ನ ತಪ್ಪು. ಎರಡನೇ ದಿನ ಹೀರೋ ಬೆಳಿಗ್ಗೆ ದುಗ್ಗಮ್ಮನ ಗುಡಿಗೆ ಹೋಗಿ ಬಂದಿದ್ದರು. ಹಣೆಯ ಕುಂಕುಮ ನೋಡಿ ಮೇಕಪ್‌ನವರಿಗೆ ಹೇಳಿ ಒರೆಸಿಸಿದೆ. ಮಣಿಕಟ್ಟಿನ ಕೆಂಪು ದಾರ ನೋಡಲಿಲ್ಲ. ಎಡಿಟಿಂಗ್ ಟೇಬಲ್ ಮೇಲೆ ಅದು ಸಿಕ್ಕಿತು: ಒಂದು ಶಾಟ್‌ನಲ್ಲಿ ದಾರ ಇಲ್ಲ, ಮುಂದಿನದರಲ್ಲಿ ಇದೆ. ಎಡಿಟರ್ ಏನೂ ಅನ್ನಲಿಲ್ಲ. ದೋಸೆ ಭಟ್ಟರು ಕಾವಲಿಗೆ ನೀರು ಚಿಮುಕಿಸುವ ಒಂದು ಶಾಟ್ ಹುಡುಕಿ ನಡುವೆ ಸೇರಿಸಿದರು. ಆ ಶಾಟ್ ತುಂಬಾ ಚೆನ್ನಾಗಿದೆ ಅಂತ ಆಮೇಲೆ ಎಷ್ಟೋ ಜನ ಹೊಗಳಿದರು. ನಾನು ಸುಮ್ಮನಿದ್ದೆ.

ಆ ದೃಶ್ಯದಲ್ಲಿ ದೋಸೆ ಗರಿಗರಿ ಅಂತ ಕೇಳಿಸುತ್ತದಲ್ವಾ, ಅದು ಹಪ್ಪಳ. ಹೋಟೆಲಿನ ಗಲಾಟೆಯಲ್ಲಿ ಹಿಡಿದ ಸದ್ದು ಕೆಲಸಕ್ಕೆ ಬರಲಿಲ್ಲ. ಸ್ಟುಡಿಯೋದಲ್ಲಿ ಒಬ್ಬರು ಪರದೆ ನೋಡುತ್ತಾ, ಹೀರೋ ಕೈ ಆಡಿದಂತೆ ಮೈಕ್ ಮುಂದೆ ಹಪ್ಪಳ ಮುರಿದರು. ಈ ಕೆಲಸಕ್ಕೆ ಫೋಲಿ ಅಂತ ಹೆಸರು. ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಲ್ಲಿದ್ದ ಜ್ಯಾಕ್ ಫೋಲಿ ಎಂಬುವರಿಂದ ಬಂದದ್ದು.

ಅದೇ ಸಿನಿಮಾಕ್ಕೆ ಚಿತ್ರದುರ್ಗದ ಕೋಟೆಯಲ್ಲೂ ಎರಡು ದಿನ ಇತ್ತು. ಪಾಳೆಯಗಾರರ ಕಾಲದ ಒಂದು ದೃಶ್ಯ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಅನುಮತಿ ಪತ್ರ ಇಲ್ಲದೆ ಒಂದು ಸ್ಟ್ಯಾಂಡ್ ಕೂಡ ನಿಲ್ಲಿಸುವಂತಿಲ್ಲ. ಅದಕ್ಕೆ ಓಡಾಡಿದವರು ಪ್ರೊಡಕ್ಷನ್ ಮ್ಯಾನೇಜರ್. ಪತ್ರ ಸಿಕ್ಕಿತು, ಕ್ಯಾಮೆರಾ ಹೊತ್ತು ಮೇಲೆ ಹತ್ತಿದೆವು, ನೋಡಿದರೆ ಹಿಂದಿನ ಗುಡ್ಡದ ಸಾಲಿನಲ್ಲಿ ಕರೆಂಟ್ ಮಾಡುವ ಫ್ಯಾನುಗಳು ತಿರುಗುತ್ತಿವೆ. ಹೈದರಾಲಿ ಕೋಟೆ ಹಿಡಿದದ್ದು 1779ರಲ್ಲಿ. ನಮ್ಮ ಕಥೆ ಅದಕ್ಕೂ ಹಿಂದಿನದು.

ಸೆಕೆಂಡಿಗೆ 24 ಫ್ರೇಮ್. ಏಳು ಸೆಕೆಂಡಿನ ಶಾಟ್ ಅಂದರೆ 168 ಫ್ರೇಮ್. ಅಷ್ಟರಲ್ಲೂ ಫ್ಯಾನ್ ಅಳಿಸಬೇಕು. ಒಂದಷ್ಟನ್ನು ಕಂಪ್ಯೂಟರ್ ಮಾಡಿಕೊಡುತ್ತದೆ. ನಟನ ಪೇಟದ ಅಂಚಿಗೆ ರೆಕ್ಕೆ ತಾಗಿದ ಕಡೆ ಗ್ರಾಫಿಕ್ಸ್ ಹುಡುಗಿಯೊಬ್ಬಳು ಕೂತು ಕೈಯಿಂದಲೇ ತಿದ್ದಿದಳು. ಅವಳು ದುರ್ಗ ನೋಡಿಯೇ ಇಲ್ಲ. ಫ್ಯಾನ್ ಎಷ್ಟಿವೆ ಅಂತ ಮಾತ್ರ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು.

ಕೋಟೆ ಶೂಟಿಂಗ್ ಅಂದರೆ ನಮ್ಮ ಕಡೆ 1972ರ 'ನಾಗರಹಾವು' ನೆನೆಯುತ್ತಾರೆ. ಪುಟ್ಟಣ್ಣ ಕಣಗಾಲ್, ವಿಷ್ಣುವರ್ಧನ್ ಹೆಸರು ಮಕ್ಕಳಿಗೂ ಗೊತ್ತು. ಆ ಕಾದ ಬಂಡೆಗಳ ಮೇಲೆ ಕ್ಯಾಮೆರಾ ಹೊತ್ತವರು ಯಾರು, ಕುಡಿಯೋ ನೀರು ತಂದವರು ಯಾರು? ಮೇಲೆ ಹತ್ತುವಾಗ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು.

ಸಿನಿಮಾ ಬಂದಾಗ ಅತ್ತೆಯನ್ನು ಥಿಯೇಟರಿಗೆ ಕರೆದುಕೊಂಡು ಹೋದೆ. ದೋಸೆ ದೃಶ್ಯ ಬಂತು, ಹೋಯಿತು. ಅತ್ತೆ ನನ್ನ ಕಡೆ ಬಗ್ಗಿದರು.

"ಎಂಜಲು ಕೈ ತೊಳೀದೇ ಎದ್ದು ಹೋದ್ನಲ್ಲೇ ಅವ್ನು!"

ಮನೆಗೆ ಬಂದು ಕಂಟಿನ್ಯೂಟಿ ಶೀಟ್ ತೆಗೆದು ನೋಡಿದೆ. ಹೌದು, ತೊಳೆದಿಲ್ಲ.